ಒಂದೇ ಹೆಸರಿನ ಹಲವು ಕಡತಗಳು: ಶಾಸನ ಸಂಗ್ರಹದ ಕೆಲಸಕ್ಕೆ ಪೈಥಾನಿನ ಪಾಥ್‌ಲಿಬ್

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಶಾಸನಗಳನ್ನು ಕಂಪ್ಯೂಟರಿನಲ್ಲಿ ಕ್ರಮವಾಗಿ ಜೋಡಿಸಿಡುವ ಕೆಲಸದಲ್ಲಿ ಒಂದು ಕಲ್ಲಿಗೆ ಒಂದು ಕಡತ ಎಂಬ ಲೆಕ್ಕ ನಡೆಯುವುದಿಲ್ಲ. ಕಲ್ಲಿನ ಫೋಟೊ .ಜೆಪಿಜಿ ಆಗಿರುತ್ತದೆ, ಅದೇ ಫೋಟೊದ ಕಚ್ಚಾ ರೂಪ ಕ್ಯಾಮೆರಾಕ್ಕೆ ತಕ್ಕಂತೆ .ಎನ್‌ಇಎಫ್ ಅಥವಾ .ಸಿಆರ್2 ಆಗಿರುತ್ತದೆ, ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚಿನ ಸ್ಕ್ಯಾನು .ಟಿಫ್ ಆಗಿ, ಓದಿ ಬರೆದ ಪಾಠ .ಟಿಎಕ್ಸ್‌ಟಿ ಆಗಿ, ಅದರ ಮೇಲಿನ ಟಿಪ್ಪಣಿ .ಡಾಕ್ಸ್ ಆಗಿ ಉಳಿದಿರುತ್ತವೆ. ಇವೆಲ್ಲಕ್ಕೂ ‘ಬೇಲೂರು-58’ ಎಂಬ ಒಂದೇ ಹೆಸರನ್ನಿಟ್ಟು, ಚುಕ್ಕಿಯ ನಂತರ ಬಂದು ಕಡತದ ಬಗೆಯನ್ನು ತಿಳಿಸುವ ಎಕ್ಸ್‌ಟೆನ್ಶನ್ ಮಾತ್ರ ಬೇರೆಯಾಗಲು ಬಿಡುವುದು ಸಹಜವಾದ ಪದ್ಧತಿ. ಹೀಗೆ ಇಟ್ಟ ಮೇಲೆ, ಎಕ್ಸ್‌ಟೆನ್ಶನ್ ಏನೇ ಇರಲಿ, ಈ ಹೆಸರಿನ ಕಡತಗಳೆಲ್ಲವನ್ನೂ ಒಮ್ಮೆಗೇ ತಂದುಕೊಡು ಎಂದು ಕಂಪ್ಯೂಟರಿಗೆ ಹೇಳುವುದು ಹೇಗೆ ಎಂಬುದೇ ಈ ವಿಮರ್ಶೆಯ ಹಿಂದಿರುವ ಪ್ರಶ್ನೆ. ಅದಕ್ಕಾಗಿ ನಾನು ಬಳಸುತ್ತಿರುವ ಸಾಧನ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯೊಂದಿಗೇ ಬರುವ ಪಾಥ್‌ಲಿಬ್ ಎಂಬ ಮಾಡ್ಯೂಲು, ಅಂದರೆ ಸಿದ್ಧ ಫಂಕ್ಷನ್ನುಗಳ ಕಟ್ಟು. ಅದರ ಗುಣವನ್ನೂ ಕೊರತೆಯನ್ನೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ಊರಿನ ಹೆಸರು, ಅಡ್ಡಗೆರೆ, ಸಂಖ್ಯೆ ಎಂಬ ಈ ರೂಪ ನಮ್ಮ ಕಲ್ಪನೆಯಲ್ಲ. ಶಾಸನತಜ್ಞ ಬಿ. ಎಲ್. ರೈಸ್ ಅವರು ನಾಡಿನ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟರು. ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರಿನ ಸಂಪುಟ 1901ರಲ್ಲಿಯೂ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿಯೂ ಹೊರಬಂದವು. ಅಂದಿನಿಂದ ಇತಿಹಾಸದ ಬರಹಗಳಲ್ಲಿ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯೇ ಶಾಸನದ ವಿಳಾಸವಾಗಿದೆ. ಆದ್ದರಿಂದ ಕಡತದ ಹೆಸರಿನಲ್ಲಿಯೂ ಅದೇ ಉಳಿಯಬೇಕು, ಹುಡುಕುವ ಸಾಧನವು ಆ ಹೆಸರಿಗೆ ಮರ್ಯಾದೆ ಕೊಡಬೇಕು ಎಂಬುದು ನನ್ನ ಮೊದಲ ಅಪೇಕ್ಷೆ.

ಪಾಥ್‌ಲಿಬ್ ಪೈಥಾನಿಗೆ ಸೇರಿದ್ದು 2014ರಲ್ಲಿ ಬಂದ 3.4ನೆಯ ಆವೃತ್ತಿಯಲ್ಲಿ, ಅದನ್ನು ಪ್ರಸ್ತಾಪಿಸಿ ರೂಪಿಸಿದವರು ಆಂಟ್ವಾನ್ ಪಿತ್ರೂ. ಬೆಲೆ ಏನೂ ಇಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕಾದದ್ದೂ ಏನಿಲ್ಲ. ಪೈಥಾನ್ ಇದ್ದಲ್ಲಿ ಅದೂ ಇರುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರಗಳ ಕಡೆ ವಿದ್ಯುತ್ತು ಮತ್ತು ಇಂಟರ್ನೆಟ್ಟು ಎರಡೂ ಕೈಕೊಡುವ ದಿನಗಳಲ್ಲಿ, ಬ್ಯಾಟರಿಯ ಬಲದ ಮೇಲೆ ಲ್ಯಾಪ್‌ಟಾಪಿನಲ್ಲಿಯೇ ಪೂರ್ಣವಾಗಿ ನಡೆಯುವ, ಹೊರಗಿನ ಯಾವ ಸೇವೆಯನ್ನೂ ಅವಲಂಬಿಸದ ಸಾಧನದ ಮೌಲ್ಯ ಇಲ್ಲಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಈ ಕೆಲಸಕ್ಕೆ ನಾನು ಬಲ್ಲ ಸಾಧನಗಳಲ್ಲಿ ಪಾಥ್‌ಲಿಬ್ ಅತ್ಯುತ್ತಮವಾದದ್ದು. ಆದರೆ ಅದು ಕಡತದ ಹೆಸರನ್ನು ಚುಕ್ಕಿಗಳ ನಿಯಮದಿಂದ ಮಾತ್ರ ಅರಿಯುತ್ತದೆಯೇ ಹೊರತು ಹೆಸರಿಟ್ಟವರ ಉದ್ದೇಶವನ್ನಾಗಲಿ ಕನ್ನಡ ಅಕ್ಷರಗಳ ಒಳರಚನೆಯನ್ನಾಗಲಿ ಅರಿಯುವುದಿಲ್ಲ. ಆ ಅರಿವನ್ನು ನಾವೇ ಕೆಲವು ಸಾಲುಗಳಲ್ಲಿ ಕೂಡಿಸಿಕೊಳ್ಳಬೇಕು.

ಮೊದಲು ಅದರ ಬಲವನ್ನು ನೋಡೋಣ. ಪಾಥ್‌ಲಿಬ್ ಕಡತದ ವಿಳಾಸವನ್ನು ಬರಿಯ ಅಕ್ಷರಗಳ ಸಾಲಾಗಿ ಕಾಣದೆ, ಭಾಗಗಳುಳ್ಳ ಒಂದು ವಸ್ತುವಾಗಿ ಕಾಣುತ್ತದೆ. ಫೋಲ್ಡರಿನ ಭಾಗಕ್ಕೆ ಪೇರೆಂಟ್, ಕೊನೆಯ ಪೂರ್ಣ ಹೆಸರಿಗೆ ನೇಮ್, ಆ ಹೆಸರಿನ ಕೊನೆಯ ಚುಕ್ಕಿಯಿಂದ ಮುಂದಿನ ಭಾಗಕ್ಕೆ ಸಫಿಕ್ಸ್, ಅದನ್ನು ಬಿಟ್ಟು ಉಳಿದದ್ದಕ್ಕೆ ಸ್ಟೆಮ್ ಎಂದು ಅದು ಹೆಸರಿಸುತ್ತದೆ. ‘ಬೇಲೂರು-58.ಟಿಫ್’ ಎಂಬ ಕಡತದ ಸ್ಟೆಮ್ ‘ಬೇಲೂರು-58’. ಎಕ್ಸ್‌ಟೆನ್ಶನ್ ಲೆಕ್ಕಿಸದೆ ಹುಡುಕುವುದೆಂದರೆ, ಫೋಲ್ಡರಿನ ಪ್ರತಿಯೊಂದು ಕಡತದ ಸ್ಟೆಮ್ಮನ್ನು ಕೇಳಿ, ಅದು ನಮಗೆ ಬೇಕಾದ ಹೆಸರಿಗೆ ಸಮವೇ ಎಂದು ನೋಡುವುದು, ಅಷ್ಟೆ. ಫೋಲ್ಡರಿನ ಒಳಗಿನದನ್ನು ಒಂದೊಂದಾಗಿ ಕೊಡುವುದಕ್ಕೆ ಐಟರ್‌ಡಿರ್ ಇದೆ. ಒಳಫೋಲ್ಡರುಗಳನ್ನೂ ಸೇರಿಸಿ ಜಾಲಾಡುವುದಕ್ಕೆ ಆರ್‌ಗ್ಲಾಬ್ ಇದೆ. ಪ್ರೋಗ್ರಾಮಿಂಗ್ ಓದದ ಇತಿಹಾಸದ ವಿದ್ಯಾರ್ಥಿಯೂ ಹೀಗೆ ಬರೆದ ಪ್ರೋಗ್ರಾಮಿನ ಸಾಲನ್ನು ಓದಿದರೆ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳಬಲ್ಲ. ಇದು ಸಣ್ಣ ಗುಣವಲ್ಲ.

ಭಾಗಗಳಾಗಿ ಕಾಣುವುದರ ಪ್ರಯೋಜನ, ಕಂಪ್ಯೂಟರಿಗೆ ಆಜ್ಞೆಗಳನ್ನು ಟೈಪಿಸಿ ಕೊಡುವ ಬ್ಯಾಶ್ ಶೆಲ್ಲಿನೊಂದಿಗೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಬ್ಯಾಶ್‌ನಲ್ಲಿ ಕೊನೆಯ ಚುಕ್ಕಿಯನ್ನೂ ಅದರಾಚೆಗಿನದನ್ನೂ ಕತ್ತರಿಸುವ ಚಿಕ್ಕ ಸೂತ್ರವೊಂದು ಬಹಳ ಬಳಕೆಯಲ್ಲಿದೆ. ಅದು ಇಡೀ ವಿಳಾಸವನ್ನು ಒಂದೇ ಸಾಲಾಗಿ ನೋಡುವುದರಿಂದ, ‘ಹಳೇಬೀಡು.ಹೊಸದು’ ಎಂಬ ಫೋಲ್ಡರಿನಲ್ಲಿ ಎಕ್ಸ್‌ಟೆನ್ಶನ್ ಇಲ್ಲದ ‘ಹಳೇಬೀಡು-12’ ಎಂಬ ಕಡತವಿದ್ದರೆ, ಕತ್ತರಿಯು ಫೋಲ್ಡರಿನ ಹೆಸರಿನ ಚುಕ್ಕಿಯ ಮೇಲೆಯೇ ಬೀಳುತ್ತದೆ. ಕಡತದ ಹೆಸರು ಪೂರ್ತಿಯಾಗಿ ಹೋಗಿ ‘ಹಳೇಬೀಡು’ ಎಂಬಷ್ಟು ಮಾತ್ರ ಉಳಿಯುತ್ತದೆ. ಪಾಥ್‌ಲಿಬ್‌ನ ಸ್ಟೆಮ್ ಫೋಲ್ಡರಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಹಾಗೆಯೇ, ಹೊಂದುವ ಕಡತ ಒಂದೂ ಇಲ್ಲದಿದ್ದಾಗ ಬ್ಯಾಶ್ ತನ್ನ ಸಾಮಾನ್ಯ ಸ್ಥಿತಿಯಲ್ಲಿ ಹುಡುಕಾಟದ ಮಾದರಿಯನ್ನೇ ಕಡತದ ಹೆಸರೆಂಬಂತೆ ಹಿಂದಿರುಗಿಸುತ್ತದೆ. ಪಾಥ್‌ಲಿಬ್ ಏನೂ ಇಲ್ಲ ಎಂಬುದನ್ನು ಏನೂ ಇಲ್ಲ ಎಂದೇ ತಿಳಿಸುತ್ತದೆ. ಪಾಠವಿಲ್ಲದ ಶಾಸನಗಳು ಯಾವುವು ಎಂಬ ಪಟ್ಟಿ ತಯಾರಿಸುವವರಿಗೆ ಈ ಎರಡನೆಯ ಗುಣ ಮೊದಲನೆಯದಕ್ಕಿಂತಲೂ ಮುಖ್ಯವಾದದ್ದು.

ಇನ್ನು ಮಾದರಿ ಕೊಟ್ಟು ಹುಡುಕುವ ಗ್ಲಾಬ್ ಎಂಬ ವಿಧಾನ. ಹೆಚ್ಚಿನವರು ಮೊದಲು ಕೈಚಾಚುವುದು ಇದಕ್ಕೇ. ಮಾದರಿಯಲ್ಲಿ ನಕ್ಷತ್ರ (*) ಇಟ್ಟರೆ ಅಲ್ಲಿ ಯಾವ ಅಕ್ಷರಗಳಾದರೂ ಇರಬಹುದು ಎಂದರ್ಥ. ‘ಬೇಲೂರು-5*’ ಎಂದು ಕೇಳಿದರೆ 5ನೆಯ ಶಾಸನದೊಡನೆ 50, 58, 59 ಎಲ್ಲವೂ ಬರುತ್ತವೆ. ನಕ್ಷತ್ರದ ಮುಂಚೆ ಚುಕ್ಕಿಯನ್ನಿಟ್ಟು ‘ಬೇಲೂರು-5.*’ ಎಂದು ಕೇಳಿದರೆ ಆ ತೊಂದರೆ ತಪ್ಪುತ್ತದೆ. ಆದರೆ ಆಗ ಎಕ್ಸ್‌ಟೆನ್ಶನ್ ಇಲ್ಲದ ಕಡತ ತಪ್ಪಿಹೋಗುತ್ತದೆ, ‘ಬೇಲೂರು-5.ಹಳೆಯದು.ಟಿಫ್’ ಎಂಬ ಬೇರೆ ಹೆಸರಿನ ಕಡತ ಒಳಗೆ ಬರುತ್ತದೆ. ಹೆಸರಿನಲ್ಲಿ ಚೌಕ ಕಂಸಗಳಿದ್ದರೆ ಗ್ಲಾಬ್ ಅವನ್ನು ಅಕ್ಷರಗಳ ಆಯ್ಕೆಯ ಗುರುತೆಂದು ತಿಳಿಯುತ್ತದೆ. ಒಡೆದ ಕಲ್ಲಿನ ಭಾಗಗಳನ್ನು ಚೌಕ ಕಂಸಗಳಲ್ಲಿ ಗುರುತಿಸುವ ಅಭ್ಯಾಸವಿರುವವರು ಇದನ್ನು ನೆನಪಿಡಬೇಕು. ಅದಕ್ಕೆ ಪರಿಹಾರವಾಗಿ ಪೈಥಾನಿನ ಹಳೆಯ ಗ್ಲಾಬ್ ಮಾಡ್ಯೂಲಿನಲ್ಲಿ, ಇಂಥ ಗುರುತುಗಳನ್ನು ಬರಿಯ ಅಕ್ಷರಗಳೆಂದೇ ಎಣಿಸುವಂತೆ ಮಾಡುವ ಎಸ್ಕೇಪ್ ಎಂಬ ಫಂಕ್ಷನ್ ಇದೆ. ಒಟ್ಟಿನಲ್ಲಿ, ಹೆಸರು ನಿಖರವಾಗಿ ಗೊತ್ತಿರುವಾಗ ಮಾದರಿಯ ಮೊರೆ ಹೋಗದೆ ಸ್ಟೆಮ್ಮನ್ನು ನೇರವಾಗಿ ಹೋಲಿಸುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾದರಿಯೆಂಬುದು ಹೆಸರು ಅರ್ಧ ಗೊತ್ತಿರುವಾಗ ಬಳಸಬೇಕಾದದ್ದು.

ಚುಕ್ಕಿಯಿಂದ ಆರಂಭವಾಗುವ ಕಡತಗಳ ವಿಷಯದಲ್ಲಿ ಪಾಥ್‌ಲಿಬ್‌ಗೂ ಹಳೆಯ ಗ್ಲಾಬ್ ಮಾಡ್ಯೂಲಿಗೂ ವ್ಯತ್ಯಾಸವಿದೆ. ಹಳೆಯದು ನಕ್ಷತ್ರದ ಹುಡುಕಾಟದಲ್ಲಿ ಅವನ್ನು ಬಿಟ್ಟುಬಿಡುತ್ತದೆ, ಪಾಥ್‌ಲಿಬ್ ಬಿಡುವುದಿಲ್ಲ. ಆಪಲ್ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಫೋಟೊಗಳನ್ನು ನಕಲು ಮಾಡಿದಾಗ ‘._ಬೇಲೂರು-58.ಟಿಫ್’ ಎಂಬಂಥ ನೆರಳು ಕಡತಗಳು ಜೊತೆಗೆ ಬರುವುದುಂಟು. ಆರಂಭದಲ್ಲಿ ನಕ್ಷತ್ರವಿರುವ ಮಾದರಿ ಕೊಟ್ಟರೆ ಇವೂ ಫಲಿತಾಂಶದಲ್ಲಿ ಸೇರುತ್ತವೆ. ಸ್ಟೆಮ್ ಹೋಲಿಕೆಯಲ್ಲಿ ಸೇರುವುದಿಲ್ಲ, ಏಕೆಂದರೆ ಅವುಗಳ ಸ್ಟೆಮ್ ಬೇರೆ. ಅಕ್ಷರಗಳ ದೊಡ್ಡದು ಚಿಕ್ಕದೆಂಬ ಭೇದ ಕನ್ನಡ ಹೆಸರುಗಳಿಗೆ ಅನ್ವಯಿಸದಿದ್ದರೂ ಎಕ್ಸ್‌ಟೆನ್ಶನ್‌ಗಳಿಗೆ ಅನ್ವಯಿಸುತ್ತದೆ: ಕ್ಯಾಮೆರಾ ದೊಡ್ಡ ಅಕ್ಷರಗಳಲ್ಲಿ ಬರೆದದ್ದನ್ನು ಫೋಟೊ ತಿದ್ದುವ ತಂತ್ರಾಂಶ ಚಿಕ್ಕ ಅಕ್ಷರಗಳಲ್ಲಿ ಉಳಿಸುತ್ತದೆ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇವೆರಡನ್ನು ಬೇರೆ ಕಡತಗಳೆಂದೇ ಎಣಿಸುತ್ತದೆ. 3.12ನೆಯ ಆವೃತ್ತಿಯಿಂದ ಗ್ಲಾಬ್‌ಗೆ ಈ ಭೇದವನ್ನು ಕಡೆಗಣಿಸೆಂದು ಹೇಳುವ ಸೌಲಭ್ಯ ಬಂದಿದೆ.

ಈಗ ಈ ಸಾಧನದ ನಿಜವಾದ ಮಿತಿಗೆ ಬರುತ್ತೇನೆ. ಸ್ಟೆಮ್ ಎಂಬುದು ಕೊನೆಯ ಒಂದು ಚುಕ್ಕಿಯನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತದೆ. ಆ ಚುಕ್ಕಿಯ ಮುಂದಿರುವುದು ನಿಜವಾಗಿಯೂ ಎಕ್ಸ್‌ಟೆನ್ಶನ್ ಹೌದೇ ಎಂದು ಅದು ಪರೀಕ್ಷಿಸುವುದಿಲ್ಲ. ಶಾಸನಗಳ ಉಲ್ಲೇಖದಲ್ಲಿ ತಾಲ್ಲೂಕಿನ ಹೆಸರನ್ನು ಮೊಟಕಾಗಿಸಿ ಚುಕ್ಕಿಯಿಡುವುದು ವಿದ್ವಾಂಸರ ಹಳೆಯ ರೂಢಿ. ಅದನ್ನೇ ಅನುಸರಿಸಿ ಕಡತಕ್ಕೆ ‘ಬೇ.58.ಟಿಫ್’ ಎಂದು ಹೆಸರಿಟ್ಟರೆ ಸ್ಟೆಮ್ ‘ಬೇ.58’ ಎಂದು ಸರಿಯಾಗಿಯೇ ಬರುತ್ತದೆ. ಆದರೆ ಅದೇ ಶಾಸನಕ್ಕೆ ‘ಬೇ.58’ ಎಂಬ ಫೋಲ್ಡರೊಂದಿದ್ದರೆ, ಅಥವಾ ಎಕ್ಸ್‌ಟೆನ್ಶನ್ ಇಲ್ಲದ ಟಿಪ್ಪಣಿಯೊಂದಿದ್ದರೆ, ಪಾಥ್‌ಲಿಬ್ ಅದರ ಸ್ಟೆಮ್ ‘ಬೇ’ ಎಂದೂ ಸಫಿಕ್ಸ್ ‘.58’ ಎಂದೂ ಹೇಳುತ್ತದೆ. ಒಂದೇ ಹೆಸರಿನವು ಎಂದು ನಾವು ನಂಬಿರುವ ಎರಡು ವಸ್ತುಗಳು ಹೀಗೆ ಬೇರೆಯಾಗುತ್ತವೆ. ಮಾತ್ರವಲ್ಲ, ಎಕ್ಸ್‌ಟೆನ್ಶನ್ ಇಲ್ಲದ 58, 59, 60ನೆಯ ಟಿಪ್ಪಣಿಗಳೆಲ್ಲ ‘ಬೇ’ ಎಂಬ ಒಂದೇ ಹೆಸರಿನಡಿ ಸೇರಿಕೊಳ್ಳುತ್ತವೆ.

ಹುಡುಕುವಾಗ ಇದು ಗೊಂದಲ ಮಾತ್ರ. ಬರೆಯುವಾಗ ಇದು ನಷ್ಟ. ಪಾಥ್‌ಲಿಬ್‌ನಲ್ಲಿ ಎಕ್ಸ್‌ಟೆನ್ಶನ್ ಬದಲಿಸಿಕೊಡುವ ವಿತ್‌ಸಫಿಕ್ಸ್ ಎಂಬ ಸೌಲಭ್ಯವಿದೆ. ‘ಬೇ.58’ ಎಂಬ ಹೆಸರಿಗೆ .ಟಿಎಕ್ಸ್‌ಟಿ ಸೇರಿಸೆಂದು ಅದಕ್ಕೆ ಹೇಳಿದರೆ ಬರುವುದು ‘ಬೇ.ಟಿಎಕ್ಸ್‌ಟಿ’. 59ಕ್ಕೂ ಅದೇ, 60ಕ್ಕೂ ಅದೇ. ಎಚ್ಚರವಿಲ್ಲದೆ ಪಾಠಗಳನ್ನು ಈ ಹೆಸರಿಗೆ ಉಳಿಸುತ್ತ ಹೋದರೆ ಪ್ರತಿಯೊಂದೂ ಹಿಂದಿನದನ್ನು ಅಳಿಸುತ್ತದೆ, ಕೊನೆಗೆ ಒಂದೇ ಪಾಠ ಉಳಿಯುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಯುವುದರಿಂದ ಇದನ್ನು ತಾಂತ್ರಿಕ ದೋಷ ಎನ್ನಲಾಗದು. ಆದರೂ ಒಬ್ಬರು ಒಂದು ವರ್ಷ ಕೂತು ಓದಿದ ಪಾಠವನ್ನು ಮೌನವಾಗಿ ಅಳಿಸಬಲ್ಲ ನಡವಳಿಕೆಯ ಬಗ್ಗೆ ಕೈಪಿಡಿ ಇನ್ನೂ ಗಟ್ಟಿಯಾದ ಎಚ್ಚರಿಕೆ ಕೊಡಬೇಕಿತ್ತು ಎಂದು ನನಗನಿಸುತ್ತದೆ. ಚುಕ್ಕಿಯಿರುವ ಹೆಸರುಗಳನ್ನು ಬಳಸುವವರು ವಿತ್‌ಸಫಿಕ್ಸ್ ಬಿಟ್ಟು, ಪೂರ್ಣ ಹೆಸರಿಗೆ ಎಕ್ಸ್‌ಟೆನ್ಶನ್ ಅಂಟಿಸಿ ವಿತ್‌ನೇಮ್ ಬಳಸುವುದು ಕ್ಷೇಮ.

ಪರಿಹಾರ ಕಠಿಣವಲ್ಲ. ನಮ್ಮ ಸಂಗ್ರಹದಲ್ಲಿ ಇರಬಹುದಾದ ಎಕ್ಸ್‌ಟೆನ್ಶನ್‌ಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳ ಪಟ್ಟಿಯೊಂದನ್ನು ಮೊದಲೇ ಬರೆದಿಟ್ಟು, ಕಡತದ ಸಫಿಕ್ಸನ್ನು ಚಿಕ್ಕ ಅಕ್ಷರಗಳಿಗೆ ತಂದು, ಅದು ಪಟ್ಟಿಯಲ್ಲಿದ್ದರೆ ಮಾತ್ರ ಸ್ಟೆಮ್ಮನ್ನೂ ಇಲ್ಲದಿದ್ದರೆ ಪೂರ್ಣ ಹೆಸರನ್ನೂ ತೆಗೆದುಕೊಳ್ಳಬೇಕು. ಆಗ ‘.58’ ಎಂಬುದು ಎಕ್ಸ್‌ಟೆನ್ಶನ್ ಅಲ್ಲ ಎಂದು ತಿಳಿಯುತ್ತದೆ, ‘ಬೇ.58’ ಪೂರ್ಣವಾಗಿ ಉಳಿಯುತ್ತದೆ. ಈ ಪರೀಕ್ಷೆಯನ್ನು ಒಂದೇ ಸಲಕ್ಕೆ ನಿಲ್ಲಿಸದೆ, ಪಟ್ಟಿಯಲ್ಲಿರುವ ಎಕ್ಸ್‌ಟೆನ್ಶನ್ ಸಿಗುತ್ತಿರುವಷ್ಟು ಕಾಲವೂ ಮುಂದುವರಿಸುವುದು ಇನ್ನೂ ಒಳ್ಳೆಯದು. ವಿಂಡೋಸ್ ತನಗೆ ಗೊತ್ತಿರುವ ಎಕ್ಸ್‌ಟೆನ್ಶನ್‌ಗಳನ್ನು ಸಾಮಾನ್ಯ ಸ್ಥಿತಿಯಲ್ಲಿ ಮರೆಮಾಡುವುದರಿಂದ, ಹೆಸರು ಬದಲಿಸುವವರು ಅದಿಲ್ಲವೆಂದು ತಿಳಿದು ಮತ್ತೊಮ್ಮೆ ಟೈಪಿಸುತ್ತಾರೆ; ಹೀಗೆ ಹುಟ್ಟಿದ ‘ಬೇಲೂರು-58.ಜೆಪಿಜಿ.ಜೆಪಿಜಿ’ ಎಂಬ ಕಡತಗಳು ಊರೂರಿನ ಸಂಗ್ರಹಗಳಲ್ಲಿಯೂ ಕಾಣಸಿಗುತ್ತವೆ. ಅಂಥವಕ್ಕೂ ಇದೇ ಮದ್ದು. ಹೆಸರಿನ ಕೊನೆಯಲ್ಲಿ ಬರಿಯ ಚುಕ್ಕಿಯಿದ್ದರೆ ಅದನ್ನು ಸಫಿಕ್ಸ್ ಎಂದು ಎಣಿಸುವ ಬದಲಾವಣೆ 3.14ನೆಯ ಆವೃತ್ತಿಯಲ್ಲಿ ಬಂದಿದೆ ಎಂಬುದನ್ನೂ, ಹಳೆಯ ಮತ್ತು ಹೊಸ ಆವೃತ್ತಿಗಳೆರಡನ್ನೂ ಬಳಸುವವರು ಗಮನದಲ್ಲಿಡಬೇಕು.

ಇಷ್ಟು ಯಾವ ಭಾಷೆಯವರಿಗಾದರೂ ಅನ್ವಯಿಸುವ ಮಾತು. ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರಿಗೆ ಇದಕ್ಕಿಂತ ಆಳವಾದ ವಿಷಯವೊಂದಿದೆ, ಮತ್ತು ಈ ವಿಮರ್ಶೆ ಬರೆಯಲು ನನ್ನನ್ನು ಮುಖ್ಯವಾಗಿ ಪ್ರೇರೇಪಿಸಿದ್ದು ಅದೇ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಬೇ’ ಎಂಬ ಅಕ್ಷರದ ಏತ್ವದ ದೀರ್ಘಕ್ಕೆ ತನ್ನದೇ ಆದ ಒಂದು ಸಂಕೇತವಿದೆ; ಅದನ್ನೇ ಎತ್ವದ ಸಂಕೇತ ಮತ್ತು ದೀರ್ಘದ ಸಂಕೇತ ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಸಾಲುಗಳು. ಕೂಡಿಸಿ ಬರೆದ ‘ಬೇಲೂರು’ ಆರು ಸಂಕೇತಗಳದ್ದು, ಬಿಡಿಸಿ ಬರೆದ ‘ಬೇಲೂರು’ ಏಳರದ್ದು. ‘ಹಳೇಬೀಡು’ ಕೂಡಿಸಿದರೆ ಏಳು, ಬಿಡಿಸಿದರೆ ಒಂಬತ್ತು. ‘ದೋರಸಮುದ್ರ’ದ ಮೊದಲ ಅಕ್ಷರದ ಓತ್ವದ ದೀರ್ಘವೊಂದೇ ಮೂರು ಸಂಕೇತಗಳಾಗಿ ಬಿಚ್ಚಿಕೊಳ್ಳುತ್ತದೆ.

ಈ ಎರಡು ಬಗೆಗಳು ಒಂದೇ ಸಂಗ್ರಹದಲ್ಲಿ ಸೇರುವುದು ಹೇಗೆಂದರೆ, ಆಪಲ್ ಕಂಪ್ಯೂಟರುಗಳ ಹಿಂದಿನ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಉಳಿಸುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್‌ಗಳು ಟೈಪಿಸಿದ್ದನ್ನು ಹಾಗೆಯೇ ಇಡುತ್ತವೆ, ನಮ್ಮ ಕೀಲಿಮಣೆಗಳು ಟೈಪಿಸುವುದು ಸಾಮಾನ್ಯವಾಗಿ ಕೂಡಿಸಿದ ರೂಪವನ್ನು. ಒಬ್ಬರ ಹಳೆಯ ಆಪಲ್ ಡಿಸ್ಕಿನಿಂದ ಬಂದ ಫೋಟೊ, ಇನ್ನೊಬ್ಬರ ವಿಂಡೋಸಿನಲ್ಲಿ ಟೈಪಿಸಿದ ಪಾಠ ಇವೆರಡನ್ನು ಒಂದೇ ಫೋಲ್ಡರಿಗೆ ಹಾಕಿದರೆ, ಕಣ್ಣಿಗೆ ‘ಬೇಲೂರು-58’ ಎಂದೇ ಕಾಣುವ ಎರಡು ಕಡತಗಳ ಸ್ಟೆಮ್‌ಗಳು ಸಮವಲ್ಲ ಎಂದು ಪೈಥಾನ್ ಹೇಳುತ್ತದೆ. ಪಾಥ್‌ಲಿಬ್ ಈ ರೂಪಗಳನ್ನು ತಾನಾಗಿ ಒಂದು ಮಾಡುವುದಿಲ್ಲ. ಸ್ವಾರಸ್ಯವೆಂದರೆ, ಪೈಥಾನ್ ಪ್ರೋಗ್ರಾಮಿನಲ್ಲಿ ನಾವು ಚರಾಂಶಗಳಿಗೆ ಕನ್ನಡದಲ್ಲಿಯೇ ಹೆಸರಿಟ್ಟರೆ ಆ ಹೆಸರುಗಳನ್ನು ಭಾಷೆಯೇ ಒಂದು ರೂಪಕ್ಕೆ ತಂದುಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೂ ಕಡತಗಳ ಹೆಸರಿಗೂ ಮಾತ್ರ ಆ ಉಪಚಾರವಿಲ್ಲ. ಇದಕ್ಕೆ ಕಾರಣವೂ ಇದೆ. ಲಿನಕ್ಸ್‌ನಲ್ಲಿ ಈ ಎರಡೂ ಹೆಸರುಗಳ ಎರಡು ಬೇರೆ ಕಡತಗಳು ಒಂದೇ ಫೋಲ್ಡರಿನಲ್ಲಿ ಇರಬಹುದು, ಆದ್ದರಿಂದ ಸಾಧನವು ತಾನೇ ರೂಪ ಬದಲಿಸಿದರೆ ಇರುವ ಕಡತವನ್ನು ತೆರೆಯಲಾಗದ ಸ್ಥಿತಿ ಬರುತ್ತದೆ. ಹಾಗಾಗಿ ಹೆಸರನ್ನು ಮುಟ್ಟದೆ ಬಿಡುವ ಪಾಥ್‌ಲಿಬ್‌ನ ನಿಲುವು ಸರಿಯೆಂದೇ ನಾನು ಒಪ್ಪುತ್ತೇನೆ. ಹೋಲಿಸುವ ಹೊಣೆ ನಮ್ಮದು.

ಎಲ್ಲ ಊರಿನ ಹೆಸರುಗಳಿಗೂ ಈ ಸಮಸ್ಯೆ ಇಲ್ಲದಿರುವುದು ಅದನ್ನು ಇನ್ನಷ್ಟು ಅಡಗಿಸುತ್ತದೆ. ಹಾಸನ, ಚಿಕ್ಕಮಗಳೂರು, ಆಲೂರು, ಕಡೂರು, ಮೂಡಿಗೆರೆ, ಅರಕಲಗೂಡು, ಚನ್ನರಾಯಪಟ್ಟಣ ಇವುಗಳಲ್ಲಿ ಬಿಡಿಸಬಹುದಾದ ಸ್ವರಚಿಹ್ನೆ ಒಂದೂ ಇಲ್ಲ. ಬೇಲೂರು, ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರ, ಶ್ರವಣಬೆಳಗೊಳ, ತರೀಕೆರೆ, ಕೊಪ್ಪ, ಶೃಂಗೇರಿ ಇವುಗಳಲ್ಲಿ ಇದೆ. ಹಾಸನದ ಫೋಲ್ಡರಿನ ಮೇಲೆ ಪರೀಕ್ಷಿಸಿ ಎಲ್ಲವೂ ಸರಿಯಿದೆ ಎಂದು ನಿಶ್ಚಯಿಸಿದ ಪ್ರೋಗ್ರಾಮು ಬೇಲೂರಿನ ಫೋಲ್ಡರಿನಲ್ಲಿ ಅರ್ಧ ಕಡತಗಳನ್ನು ಕಾಣದೆ ಹೋಗಬಹುದು. ಪರಿಹಾರಕ್ಕೆ ಪೈಥಾನಿನಲ್ಲಿಯೇ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲಿದೆ. ಅದರ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂಬ ರೂಪವನ್ನು ಸೂಚಿಸಿದರೆ ಬಿಡಿಸಿದ್ದೆಲ್ಲ ಕೂಡಿಕೊಳ್ಳುತ್ತದೆ. ಹುಡುಕುವ ಹೆಸರನ್ನೂ ಕಡತದ ಸ್ಟೆಮ್ಮನ್ನೂ, ಎರಡನ್ನೂ, ಇದರ ಮೂಲಕ ಹಾಯಿಸಿದ ಮೇಲೆಯೇ ಹೋಲಿಸಬೇಕು. ತೆರೆಯುವಾಗ ಮಾತ್ರ ಮೂಲ ಹೆಸರನ್ನೇ ಬಳಸಬೇಕು.

ಎನ್‌ಎಫ್‌ಸಿ ಸರಿಪಡಿಸದ ಎರಡು ಸಂಗತಿಗಳಿವೆ. ‘ಸ್ಕ್ಯಾನ್’ ಎಂಬಂಥ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕಣ್ಣಿಗೆ ಕಾಣದ, ಅಗಲವಿಲ್ಲದ ಬೇರ್ಪಡಿಕೆಯ ಸಂಕೇತವೊಂದನ್ನು ಕೆಲವು ಕೀಲಿಮಣೆಗಳಲ್ಲಿ ಟೈಪಿಸುವ ರೂಢಿಯಿದೆ. ಅದಿರುವ ಹೆಸರೂ ಇಲ್ಲದ ಹೆಸರೂ ಒಂದೇ ರೀತಿ ಕಂಡರೂ ಸಮವಲ್ಲ. ಹೋಲಿಕೆಗಾಗಿ ತಯಾರಿಸಿದ ರೂಪದಿಂದ ಆ ಸಂಕೇತವನ್ನು ತೆಗೆದುಹಾಕುವುದು ಒಳ್ಳೆಯದು. ಎರಡನೆಯದು ಅಂಕಿಗಳದ್ದು. ಒಬ್ಬರು ‘ಬೇಲೂರು-58’ ಎಂದೂ ಇನ್ನೊಬ್ಬರು ‘ಬೇಲೂರು-೫೮’ ಎಂದೂ ಬರೆದಿದ್ದರೆ ಯೂನಿಕೋಡಿನ ಯಾವ ರೂಪವೂ ಅವನ್ನು ಒಂದು ಮಾಡದು. ಆದರೆ ಇಲ್ಲಿ ಪೈಥಾನ್ ನಿಜವಾಗಿಯೂ ಮೆಚ್ಚುಗೆಗೆ ಅರ್ಹವಾದದ್ದು: ಪಠ್ಯವನ್ನು ಪೂರ್ಣಾಂಕವಾಗಿಸುವ ಅದರ ಇಂಟ್ ಫಂಕ್ಷನ್ ಕನ್ನಡ ಅಂಕಿಗಳನ್ನು ಯಾವ ಹೆಚ್ಚುವರಿ ಸಿದ್ಧತೆಯೂ ಇಲ್ಲದೆ ಓದುತ್ತದೆ, ‘೫೮’ ಕೊಟ್ಟರೆ 58 ಎಂಬ ಸಂಖ್ಯೆಯನ್ನೇ ಹಿಂದಿರುಗಿಸುತ್ತದೆ. ಆದ್ದರಿಂದ ಸ್ಟೆಮ್ಮನ್ನು ಅಡ್ಡಗೆರೆಯಲ್ಲಿ ಎರಡಾಗಿ ಒಡೆದು, ಊರಿನ ಹೆಸರು ಮತ್ತು ಸಂಖ್ಯೆ ಎಂಬ ಜೋಡಿಯನ್ನು ಗುರುತಾಗಿ ಬಳಸಿದರೆ ಅಂಕಿಗಳ ಭೇದವೂ, ‘058’ ಎಂದು ಮುಂದೆ ಸೊನ್ನೆ ಇಟ್ಟವರ ಭೇದವೂ ಒಟ್ಟಿಗೇ ತೀರುತ್ತದೆ.

ವೇಗದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಪ್ರತಿಯೊಂದು ಕಡತಕ್ಕೂ ಒಂದು ವಸ್ತುವನ್ನು ಸೃಷ್ಟಿಸುವುದರಿಂದ ಪಾಥ್‌ಲಿಬ್ ಸ್ಕ್ಯಾನ್‌ಡಿರ್‌ನಂಥ ಕೆಳಹಂತದ ಫಂಕ್ಷನ್ನುಗಳಿಗಿಂತ ನಿಧಾನ. ಒಂದು ತಾಲ್ಲೂಕಿನ ಶಾಸನಗಳ ಮಟ್ಟದಲ್ಲಿ ಅದು ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬರುವುದು ಬೇರೊಂದು: ಪ್ರತಿ ಶಾಸನಕ್ಕೂ ಫೋಲ್ಡರನ್ನು ಮೊದಲಿನಿಂದ ಜಾಲಾಡುವುದು. ಅದರ ಬದಲು ಒಮ್ಮೆ ಮಾತ್ರ ಇಡೀ ಸಂಗ್ರಹವನ್ನು ಓದಿ, ಗುರುತಿಗೆ ಅದರ ಕಡತಗಳ ಪಟ್ಟಿಯನ್ನು ಜೋಡಿಸಿದ ಡಿಕ್ಷನರಿಯೊಂದನ್ನು ಕಟ್ಟಿಕೊಂಡರೆ, ಮುಂದಿನ ಹುಡುಕಾಟವೆಲ್ಲ ಪುಸ್ತಕದ ಕೊನೆಯ ಪದಸೂಚಿಯನ್ನು ತೆರೆದಂತೆ. ಪಾಥ್‌ಲಿಬ್ ಕಡತಗಳನ್ನು ಯಾವುದೇ ಕ್ರಮದಲ್ಲಿ ಕೊಡುವುದಾಗಿ ಮಾತು ಕೊಟ್ಟಿಲ್ಲ, ಆದ್ದರಿಂದ ಪಟ್ಟಿಯನ್ನು ನಾವೇ ವಿಂಗಡಿಸಬೇಕು. ಸಂಖ್ಯೆಯನ್ನು ಪೂರ್ಣಾಂಕವಾಗಿಸಿಕೊಂಡಿದ್ದರೆ 10 ಎಂಬುದು 2ಕ್ಕಿಂತ ಮುಂಚೆ ಬರುವ ಕಿರಿಕಿರಿಯೂ ಇರುವುದಿಲ್ಲ.

ಬೇರೆ ಭಾಷೆಗಳಲ್ಲಿ ಈ ಸೌಲಭ್ಯ ಇಲ್ಲವೆಂದಲ್ಲ. ಪವರ್‌ಶೆಲ್‌ನಲ್ಲಿ ಕಡತಕ್ಕೆ ಬೇಸ್‌ನೇಮ್ ಎಂಬ ಗುಣವಿದೆ, ಪಿಎಚ್‌ಪಿಯಲ್ಲಿ ಪಾಥ್‌ಇನ್ಫೋ ಇದೆ, ರೂಬಿಯ ಬೇಸ್‌ನೇಮ್‌ಗೆ ಯಾವ ಎಕ್ಸ್‌ಟೆನ್ಶನ್ ಆದರೂ ಸರಿ ಎಂದು ಸೂಚಿಸಬಹುದು, ನೋಡ್‌ನ ಪಾಥ್ ಮಾಡ್ಯೂಲೂ ಹೆಸರನ್ನು ಬಿಡಿಸಿಕೊಡುತ್ತದೆ. ಕೊನೆಯ ಚುಕ್ಕಿಯ ನಿಯಮ ಇವೆಲ್ಲದರಲ್ಲಿಯೂ ಒಂದೇ. ಈಗಾಗಲೇ ಇವುಗಳಲ್ಲಿ ಒಂದನ್ನು ಬಲ್ಲವರು ಸ್ಟೆಮ್ ಒಂದಕ್ಕಾಗಿ ಪೈಥಾನಿಗೆ ಬರಬೇಕಿಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಪಾಥ್‌ಲಿಬ್ಬನ್ನೇ ಸೂಚಿಸುತ್ತೇನೆ, ಏಕೆಂದರೆ ವಿಳಾಸದ ಭಾಗಗಳು, ಯೂನಿಕೋಡಿನ ರೂಪಗಳು, ಕನ್ನಡ ಅಂಕಿಗಳು ಇಷ್ಟನ್ನೂ ಒಂದೇ ಸೂರಿನಡಿ, ಹೊರಗಿನ ಯಾವ ಪೊಟ್ಟಣವನ್ನೂ ಸೇರಿಸದೆ ಪಡೆಯಬಹುದು. ಕೈಪಿಡಿ ಇಂಗ್ಲಿಷಿನಲ್ಲಿದೆ; ಉದಾಹರಣೆಗಳು ಚಿಕ್ಕವು, ಸ್ಪಷ್ಟವಾದವು, ಆದರೆ ಇಂಗ್ಲಿಷ್ ಹೆಸರುಗಳನ್ನು ಮಾತ್ರ ಒಳಗೊಂಡವು. ಹೊಸದಾಗಿ ಸ್ಥಾಪಿಸುವವರು 3.12 ಅಥವಾ ಅದಕ್ಕಿಂತ ಮುಂದಿನ ಆವೃತ್ತಿಯನ್ನು ಆರಿಸಿಕೊಳ್ಳಲಿ. ಕಡತಗಳಿಗೆ ಕನ್ನಡದಲ್ಲಿ ಉದ್ದವಾದ ಹೆಸರುಗಳನ್ನಿಡುವವರು ಇನ್ನೊಂದು ಮಿತಿಯನ್ನೂ ತಿಳಿದಿರಬೇಕು: ಲಿನಕ್ಸ್‌ನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಉದ್ದ 255 ಬೈಟ್ ಮೀರುವಂತಿಲ್ಲ, ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಬಿಡಿಸಿದ ರೂಪವಾದರೆ ಇನ್ನೂ ಹೆಚ್ಚು.

ಯಾವ ಸಾಧನವೂ ಬಗೆಹರಿಸಲಾಗದ ತೊಡಕು ಶ್ರವಣಬೆಳಗೊಳದ ಕಡತಗಳಲ್ಲಿದೆ. ಅಲ್ಲಿಯ ಶಾಸನಗಳ 1889ರ ಮೊದಲ ಮುದ್ರಣದಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ ಅವರು ಪರಿಷ್ಕರಿಸಿದ 1923ರ ಮುದ್ರಣದಲ್ಲಿ ಅವು 500ಕ್ಕೆ ಏರಿ, ಸಂಖ್ಯೆಗಳೂ ಬದಲಾದವು. ಮೈಸೂರು ವಿಶ್ವವಿದ್ಯಾನಿಲಯ ಮುಂದೆ ಹೊರತಂದ ಪರಿಷ್ಕೃತ ಸಂಪುಟಗಳ ಸಂಖ್ಯೆಗಳು ಮತ್ತೆ ಬೇರೆ. ಫೋಟೊಕ್ಕೆ ಒಂದು ಮುದ್ರಣದ ಸಂಖ್ಯೆಯನ್ನೂ ಪಾಠಕ್ಕೆ ಇನ್ನೊಂದರ ಸಂಖ್ಯೆಯನ್ನೂ ಇಟ್ಟಿದ್ದರೆ, ಸ್ಟೆಮ್‌ಗಳು ಸಮವಾಗಿ ಕಂಡರೂ ಕಲ್ಲುಗಳು ಬೇರೆ, ಕಲ್ಲು ಒಂದೇ ಆದರೂ ಸ್ಟೆಮ್‌ಗಳು ಬೇರೆ. ಇದಕ್ಕೆ ಮುದ್ರಣದ ವರ್ಷವನ್ನು ಕಡತದ ಹೆಸರಿನಲ್ಲಿಯೇ ಸೇರಿಸಿ ‘ಶ್ರವಣಬೆಳಗೊಳ-1923-77’ ಎಂಬಂತೆ ಬರೆದು, ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಎದುರುಬದುರಾಗಿಟ್ಟ ಕೋಷ್ಟಕವೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಡಿಕ್ಷನರಿಯನ್ನು ಕಟ್ಟುವಾಗ ಪ್ರತಿಯೊಂದು ಸ್ಟೆಮ್ಮನ್ನೂ ಮೊದಲು ಆ ಕೋಷ್ಟಕದಲ್ಲಿ ನೋಡಿ, ಒಂದೇ ಮುದ್ರಣದ ಸಂಖ್ಯೆಗೆ ತಂದುಕೊಂಡು, ಆಮೇಲೆ ಗುರುತಾಗಿ ಬಳಸಬೇಕು.